ನಡುಗೋಡೆಯ ನಕ್ಷೆ

ಸರ್ಕಾರೀ ಭೂಪಟಗಳು ದುಬಾರಿಯೂ ನಿರ್ಬಂಧಯುಕ್ತವೂ ಆಗಿದ್ದ ಕಾಲದಲ್ಲಿ, 2004ರಲ್ಲಿ, ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬ ತರುಣನು ಸಾರ್ವಜನಿಕರೇ ರಚಿಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಆರಂಭಿಸಿದಾಗ, ಅದರಲ್ಲಿ ಸ್ಥಾನ ಪಡೆದವು ಬಹುಮಟ್ಟಿಗೆ ಬೀದಿಗಳೇ. ಜಿಪಿಎಸ್ ಯಂತ್ರವನ್ನು ಹಿಡಿದು ನಡೆದವನಿಗೆ ರಸ್ತೆ ದಕ್ಕೀತು, ಮನೆಯ ಹಿತ್ತಲ ಗೋಡೆ ದಕ್ಕೀತೆ? 2010ರ ಅಂತ್ಯದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಬಿಂಗ್ ವೈಮಾನಿಕ ಚಿತ್ರಗಳ ಮೇಲೆ ಗೆರೆಯೆಳೆಯಲು ಅನುಮತಿಯಿತ್ತ ತರುವಾಯ ಕಟ್ಟಡಗಳು ವಿಪುಲವಾಗಿ ಮೂಡತೊಡಗಿದವು.

ಆಗ ಮುಂದೆ ಬಂದ ತೊಡಕು, ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಸಾಲುಸಾಲಾಗಿ ನಿಂತಿರುವ, ನಡುಗೋಡೆಯನ್ನು ಹಂಚಿಕೊಂಡ ಮನೆಗಳದು. ಪ್ರತ್ಯೇಕವಾಗಿ ಬರೆದರೆ ಎರಡರ ನಡುವೆ ಇಲ್ಲದ ಓಣಿಯೊಂದು ಹುಟ್ಟುವುದು, ಇಲ್ಲವೆ ಒಂದು ಮನೆ ಇನ್ನೊಂದರೊಳಗೆ ನುಗ್ಗುವುದು. ಆದುದರಿಂದ ಉಭಯ ಗೃಹಗಳ ರೇಖೆಗಳೂ ನಡುಗೋಡೆಯ ಎರಡು ತುದಿಗಳಲ್ಲಿ ಅವೇ ಬಿಂದುಗಳನ್ನು ಹಾಯಬೇಕೆಂಬ ಪದ್ಧತಿ ರೂಢವಾಯಿತು. ಮೇಲಿನಿಂದ ಅವಿಚ್ಛಿನ್ನವಾಗಿ ತೋರುವ ಛಾವಣಿಯಲ್ಲಿ ಗೋಡೆಯೆಲ್ಲಿದೆಯೆಂಬುದನ್ನು ಹೊಗೆಗೂಡುಗಳೇ ಸೂಚಿಸುತ್ತವೆ, ಏಕೆಂದರೆ ಅವನ್ನು ಸಾಮಾನ್ಯವಾಗಿ ನಡುಗೋಡೆಯ ಮೇಲೆಯೇ ಎಬ್ಬಿಸುತ್ತಿದ್ದರು. ಉದ್ದನೆಯ ಆಯತವನ್ನು ಸಮಭಾಗವಾಗಿ ಸೀಳುವ ತಂತ್ರಾಂಶವೂ ಬಳಕೆಗೆ ಬಂದಿತು. ಸೌಕರ್ಯವೇನೋ ಹೌದು, ಆದರೆ ಮೂಲೆಯ ಅಂಗಡಿಮನೆಯು ಉಳಿದವುಗಳಿಗಿಂತ ಅಗಲವಾಗಿದ್ದಲ್ಲಿ ಆ ಸಮತೆಯು ಸುಳ್ಳನ್ನೇ ಬರೆಯುತ್ತದೆ, ಅಂತಹ ಕಡೆ ಒಂದೊಂದನ್ನೂ ನೋಡಿ ಕೈಯಿಂದ ಬರೆದುದೇ ಲೇಸು.