ಎದಿ ಉರಿಗೆ ಒಂದು ಪುಡಿಕೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಈ ತೊಂದರೆಗೆ ಹಲವು ಹೆಸರು. ಹಿರಿಯರು ‘ಪಿತ್ತ ಆಗೇತಿ’ ಎನ್ನುತ್ತಾರೆ, ನಡುವಯಸ್ಸಿನವರು ‘ಎದಿ ಉರಿಯಾಕ್ಹತ್ತೇತಿ’ ಎನ್ನುತ್ತಾರೆ, ನನ್ನ ವಾರಿಗೆಯವರಿಗೆ ಎಲ್ಲವೂ ‘ಗ್ಯಾಸ್’. ಹೆಸರಿನ ಜೊತೆ ಮದ್ದೂ ಬದಲಾಗಿದೆ. ಬದಲಾಗದೆ ಉಳಿದಿರುವುದು ಅಂಗಡಿಗೆ ಬಂದು ಕೇಳುವ ರೀತಿ: ‘ಅಣ್ಣಾರ, ಒಂದು ಕೊಡ್ರಿ.’ ಆ ‘ಒಂದು’ ಯಾವುದು ಎಂಬುದರಲ್ಲೇ ಒಂದು ಚರಿತ್ರೆ ಇದೆ.

ಮಾಧವನಿದಾನವು ಅಮ್ಲಪಿತ್ತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ. ವೈದ್ಯರು ಅದಕ್ಕೆ ಕೊಡುತ್ತ ಬಂದ ಶಂಖಭಸ್ಮ, ಕವಡೆಯ ಭಸ್ಮಗಳು ಸುಣ್ಣದ ಜಾತಿಯವೇ. ಆಮ್ಲವನ್ನು ಕ್ಷಾರದಿಂದ ತಣಿಸುವ ಉಪಾಯ. ಗಮನಿಸಬೇಕಾದ್ದು, ಆ ಗ್ರಂಥಕರ್ತರು ಮೆಣಸಿನಕಾಯಿಯನ್ನು ಕಂಡವರಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು 1498ರ ನಂತರ. ಇವತ್ತು ರೊಟ್ಟಿಯ ಮಗ್ಗುಲಿಗೆ ಕೆಂಪು ಖಾರ ಇಲ್ಲದ ಊಟವನ್ನು ನಮ್ಮವರು ಊಟ ಎನ್ನುವುದೇ ಇಲ್ಲ. ಸಂಜೆ ಗಿರಮಿಟ್ಟು, ಮಿರ್ಚಿ, ಮೇಲೊಂದು ಚಹಾ. ರಾತ್ರಿ ಉರಿ. ಮಜ್ಜಿಗೆ, ಜೀರಿಗೆ, ಅಜವಾನ ಇವು ಮನೆಯ ಮಟ್ಟದ ಪರಿಹಾರಗಳು. ಮಿರ್ಚಿಯ ಹಿಟ್ಟಿಗೆ ಹಾಕಿದ ಸೋಡಾಪುಡಿಯನ್ನೇ ಆಮೇಲೆ ನೀರಿನಲ್ಲಿ ಕಲಸಿ ಕುಡಿಯುವುದು ನನಗೆ ಯಾವಾಗಲೂ ತಮಾಷೆ ಎನಿಸಿದೆ.

ಆ ಸೋಡಾವನ್ನು ಬಾಟಲಿಗೆ ತುಂಬಿ ಹೆಸರು ಮಾಡಿದವನು ಜೇಮ್ಸ್ ಕ್ರಾಸ್ಲಿ ಇನೋ. 1850ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನಲ್ಲಿ ಔಷಧ ಅಂಗಡಿ ಇಟ್ಟಿದ್ದವನು. ನಾವಿಕರ ಕೈಯಲ್ಲಿ ಅವನ ‘ಫ್ರೂಟ್ ಸಾಲ್ಟ್’ ಊರೂರು ಸುತ್ತಿತು. ಅದೇ ದಶಕದ ಕೊನೆಗೆ, 1858ರಲ್ಲಿ, ನರಗುಂದದ ಬಾಬಾಸಾಹೇಬ ಇಂಗ್ಲಿಷರ ಮೇಲೆ ಎದ್ದಿದ್ದ. ಸಂಸ್ಥಾನ ಹೋಯಿತು, ಇಂಗ್ಲಿಷರ ಉಪ್ಪು ಮಾತ್ರ ನಿಧಾನವಾಗಿ ಒಳಗೆ ಬಂತು. ಇವತ್ತು ಕಿರಾಣಿ ಅಂಗಡಿಯಲ್ಲಿ ಮಾಲೆಯಂತೆ ಜೋತುಬಿದ್ದ 5 ಗ್ರಾಂ ಪುಡಿಕೆಯ ಹಿಂಬದಿ ಓದಿ ನೋಡಿ: ‘ಸ್ವರ್ಜಿಕಾಕ್ಷಾರ’, ‘ನಿಂಬುಕಾಮ್ಲ’. ಅಂದರೆ ಸೋಡಾ ಮತ್ತು ನಿಂಬೆಯ ಆಮ್ಲ. ಇಂಗ್ಲಿಷ್ ನಾವಿಕರ ಪುಡಿ ಇಲ್ಲಿ ಆಯುರ್ವೇದ ಔಷಧಿಯಾಗಿದೆ. ಇದು ಬರೀ ಹೆಸರಿನ ಆಟವಲ್ಲ. ಆಯುರ್ವೇದ ಔಷಧಿ ಮಾರುವುದಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಬೀಡಿ, ಶಾಂಪೂ ಜೊತೆ ಅದೂ ತೂಗುವುದು ಹೀಗೆ.

ಅಲೋಪಥಿ ಔಷಧಿಗೆ ಕಾನೂನು ಬೇರೆ. 1945ರ ಔಷಧ ನಿಯಮಗಳ ‘ಕೆ’ ಅನುಸೂಚಿಯಲ್ಲಿ ಮನೆಮದ್ದುಗಳ ಪಟ್ಟಿಯೊಂದಿದೆ. ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ನೋವಿನ ಮುಲಾಮುಗಳ ಜೊತೆ ಆಮ್ಲಶಾಮಕಗಳೂ ಅದರಲ್ಲಿವೆ. 1,000ಕ್ಕಿಂತ ಹೆಚ್ಚು ಜನ ಇರದ ಹಳ್ಳಿಯಲ್ಲಿ ಇವನ್ನು ಕಿರಾಣಿಯವರೂ ಒಡೆಯದ ಪ್ಯಾಕಿನಲ್ಲಿ ಮಾರಬಹುದು. ಔಷಧಿ ಅಂಗಡಿ ಇಲ್ಲದ ಊರಿನ ಮೇಲಿನ ಕನಿಕರದಿಂದ ಬರೆದ ಸಾಲು ಅದು ಎಂದು ನನ್ನ ಊಹೆ.

ಮುಂದಿನ ತಿರುವು ಬೇರೆ ಜಾತಿಯದು. ಜೇಮ್ಸ್ ಬ್ಲ್ಯಾಕ್ ತಂಡದ ಸಿಮೆಟಿಡಿನ್ 1976ರಲ್ಲಿ, ರಾನಿಟಿಡಿನ್ 1981ರಲ್ಲಿ, ಒಮೆಪ್ರಜೋಲ್ 1988ರಲ್ಲಿ ಮಾರುಕಟ್ಟೆಗೆ ಬಂದವು. ಇವು ಹುಟ್ಟಿದ ಆಮ್ಲವನ್ನು ತಣಿಸುವುದಿಲ್ಲ, ಆಮ್ಲ ಹುಟ್ಟುವುದನ್ನೇ ತಗ್ಗಿಸುತ್ತವೆ. ಸೋಡಾ ನಿಮಿಷಗಳಲ್ಲಿ ಕೆಲಸ ಮಾಡಿ ಬೇಗ ಇಳಿಯುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನು ಊಟಕ್ಕೆ ಮೊದಲೇ ತೆಗೆದುಕೊಳ್ಳಬೇಕು, ಪೂರ್ತಿ ಪರಿಣಾಮಕ್ಕೆ ಒಂದೆರಡು ದಿನವಾದರೂ ಬೇಕು. ಮಿರ್ಚಿ ತಿಂದು ಉರಿ ಹತ್ತಿದ ಮೇಲೆ ಒಂದು ನುಂಗಿದರೆ ಆಗಿನ ಉರಿಗೆ ಪ್ರಯೋಜನ ಕಡಿಮೆ. ಆದರೂ ಪುಡಿಕೆ ಕೇಳುವ ಧಾಟಿಯಲ್ಲೇ ನಾವು ಗುಳಿಗಿ ಕೇಳುತ್ತೇವೆ. ಕಳೆ ತೆಗೆದು ಸೊಂಟ ಹಿಡಿದವರು ‘ಬ್ಯಾನಿ ಗುಳಿಗಿ’ ಕೇಳಿದಾಗ ಜೊತೆಗೊಂದು ಗ್ಯಾಸಿನ ಗುಳಿಗಿಯೂ ಬರುತ್ತದೆ. ಹೊಟ್ಟೆ ಕೆಡಿಸುವ ಬ್ಯಾನಿ ಗುಳಿಗಿ ಮಾತ್ರ ದಿನವೂ ಮುಂದುವರಿಯುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಭಯ ‘ಗ್ಯಾಸ್’ ಎಂಬ ಪದದ ಬಗ್ಗೆ. ಅನ್ನನಾಳದ ಉರಿಗೆ ನಮ್ಮ ಭಾಷೆ ಎದೆಯ ಹೆಸರಿಟ್ಟಿತ್ತು. ‘ಎದಿ’ ಎಂದಾಗ ಕೇಳಿದವರು ಒಮ್ಮೆ ಮುಖ ನೋಡುತ್ತಿದ್ದರು. ‘ಗ್ಯಾಸ್’ ಎಂದರೆ ಯಾರೂ ನೋಡುವುದಿಲ್ಲ. ಹೃದಯಾಘಾತ ಕೂಡ ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದ ಉರಿಯಂತೆಯೇ ಶುರುವಾಗುತ್ತದೆ. ಸೋಡಾ ಕುಡಿದು ಎರಡು ತೇಗು ಬಂದರೆ ಹಗುರ ಎನಿಸಿ ಹೊತ್ತು ಕಳೆಯುತ್ತದೆ. ಬೆವರು, ಉಸಿರುಕಟ್ಟು, ತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ ಅದು ಪುಡಿಕೆಯ ವಿಷಯವೇ ಅಲ್ಲ, ಮತ್ತು ಗಜೇಂದ್ರಗಡದಿಂದ ಗದಗಿಗೆ ಸುಮಾರು 50 ಕಿಲೋಮೀಟರ್ ದಾರಿ ಇದೆ. ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರರೇ ನೋಡಬೇಕು.

ಅಮೆರಿಕದಲ್ಲಿ 2003ರಿಂದ ಒಮೆಪ್ರಜೋಲ್ ಚೀಟಿಯಿಲ್ಲದೆ ಸಿಗುತ್ತದೆ. ಡಬ್ಬಿಯ ಮೇಲೆ 14 ದಿನದ ಮಿತಿ ಅಚ್ಚಾಗಿರುತ್ತದೆ. ನಮ್ಮಲ್ಲಿ ಅದು ‘ಎಚ್’ ಅನುಸೂಚಿಯ ಔಷಧಿ, ಚೀಟಿ ಬೇಕೇ ಬೇಕು, ಎಚ್ಚರಿಕೆಯೂ ಹಾಳೆಯ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಕೇಳಿದವರಿಗೆ ಅಂಗಡಿಯವರು ಕತ್ತರಿ ಹಿಡಿದು ಎರಡು ಗುಳಿಗಿ ಕತ್ತರಿಸಿ ಕೊಡುತ್ತಾರೆ. ಆ ಅಕ್ಷರಗಳು ಒಮ್ಮೊಮ್ಮೆ ಉಳಿದ ಎಂಟರ ಜೊತೆ ಡಬ್ಬಿಗೆ ಹೋಗುತ್ತವೆ.