ಟ್ಯಾಮಲ್ಪೈಸ್ ಬೆಟ್ಟದ ಹಾದಿಗಳು: ಬೈಸಿಕಲ್ ಸವಾರರೂ ಸ್ವಯಂಸೇವೆಯ ದುರಸ್ತಿಯೂ

ಗುಡ್ಡಗಾಡಿನ ಸವಾರಿಗೆ ತಕ್ಕ ಬೈಸಿಕಲ್ಲಿನ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅದನ್ನು ಒಂದು ಯಂತ್ರದ ಇತಿಹಾಸವೆಂದೇ ಭಾವಿಸಿದ್ದಾರೆ. ಚೌಕಟ್ಟನ್ನು ಬೆಸೆದವರು ಯಾರು, ಗೇರುಗಳನ್ನು ಮೊದಲು ಜೋಡಿಸಿದವರು ಯಾರು, ಹೆಸರಿಟ್ಟು ಮಾರಿದವರು ಯಾರು ಎಂಬ ಪ್ರಶ್ನೆಗಳಿಗೇ ಅಲ್ಲಿ ಅಗ್ರಸ್ಥಾನ. ಆ ಯಂತ್ರ ಓಡುವ ಹಾದಿಯ ವಿಚಾರ ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ. ಆದರೆ ಬೆಟ್ಟದ ಹಾದಿ ತಾನಾಗಿ ಉಳಿಯುವ ವಸ್ತುವಲ್ಲ. ಕೆಲವು ಮಳೆಗಾಲ ಯಾರೂ ಕೈಯಿಡದಿದ್ದರೆ ಅದು ಕೊರಕಲಾಗುತ್ತದೆ, ಇಲ್ಲವೆ ಪೊದೆಗಳಲ್ಲಿ ಮುಚ್ಚಿಹೋಗುತ್ತದೆ. ಅದನ್ನು ಉಳಿಸುವವರು ಯಾರು, ಉಳಿಸಿದವರಿಗೆ ಅದರ ಮೇಲೆ ಎಂತಹ ಹಕ್ಕು ಹುಟ್ಟುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಟ್ಯಾಮಲ್ಪೈಸ್ ಬೆಟ್ಟದ ನಿದರ್ಶನದಿಂದ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಕೊಲ್ಲಿಯ ಬಾಯಿಯನ್ನು ದಾಟಿದ ಬಳಿಕ ಸಿಗುವ ಮರಿನ್ ಜಿಲ್ಲೆಯಲ್ಲಿ ಈ ಬೆಟ್ಟವಿದೆ. ಇದರ ಎತ್ತರ ಸುಮಾರು ೨,೫೭೦ ಅಡಿ. ೧೮೯೬ರಲ್ಲಿ ಇದರ ನೆತ್ತಿಯ ಸಮೀಪದವರೆಗೆ ಒಂದು ರೈಲುಮಾರ್ಗ ನಿರ್ಮಾಣವಾಯಿತು. ಜಗತ್ತಿನಲ್ಲಿ ಇಷ್ಟು ತಿರುವುಗಳುಳ್ಳ ಮಾರ್ಗ ಇನ್ನೊಂದಿಲ್ಲವೆಂದು ಅದರ ಒಡೆಯರು ಸಾರಿಕೊಳ್ಳುತ್ತಿದ್ದರು. ಗೋಲ್ಡನ್ ಗೇಟ್ ಸೇತುವೆ ತೆರೆದದ್ದು ೧೯೩೭ರಲ್ಲಿ. ಅದಕ್ಕೆ ಮುಂಚೆ ನಗರದ ಜನ ರಜಾದಿನಗಳಲ್ಲಿ ಹಡಗಿನಿಂದ ಕೊಲ್ಲಿಯನ್ನು ದಾಟಿ ಬಂದು ಬೆಟ್ಟವನ್ನು ಕಾಲ್ನಡೆಯಿಂದ ಹತ್ತುತ್ತಿದ್ದರು. ಮಿಲ್ ವ್ಯಾಲಿಯಿಂದ ಸಮುದ್ರತೀರದವರೆಗಿನ ಡಿಪ್ಸಿ ಎಂಬ ಓಟದ ಪಂದ್ಯ ಆರಂಭವಾದದ್ದು ೧೯೦೫ರಲ್ಲಿ. ೧೯೧೨ರಲ್ಲಿ ಟ್ಯಾಮಲ್ಪೈಸ್ ಸಂರಕ್ಷಣಾ ಸಂಘ ಹುಟ್ಟಿತು. ಹಾದಿಗಳನ್ನು ಶುಚಿಯಾಗಿಡುವುದು, ಬೆಟ್ಟವನ್ನು ಸಾರ್ವಜನಿಕ ಸ್ವತ್ತಾಗಿ ಉಳಿಸಲು ಸರಕಾರವನ್ನು ಒತ್ತಾಯಿಸುವುದು ಈ ಸಂಘದವರು ಕೈಗೊಂಡ ಕಾರ್ಯಗಳು. ೧೯೨೦ರ ದಶಕದ ಅಂತ್ಯಕ್ಕೆ ರೂಪುಗೊಂಡ ರಾಜ್ಯೋದ್ಯಾನವು ಬಹುಮಟ್ಟಿಗೆ ಇಂತಹ ಒತ್ತಾಯದ ಫಲ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೇಂದ್ರ ಸರಕಾರವು ನಿರುದ್ಯೋಗಿ ತರುಣರನ್ನು ಸೇರಿಸಿ ಕಟ್ಟಿದ ಸಂರಕ್ಷಣಾ ದಳದವರೂ ಇಲ್ಲಿ ದುಡಿದರು. ಬೆಟ್ಟದ ಇಳಿಜಾರಿನಲ್ಲಿರುವ ಕಲ್ಲಿನ ಬಯಲು ರಂಗಮಂದಿರ ಅವರ ಕೈಕೆಲಸ.

ಈ ಪೂರ್ವೇತಿಹಾಸವನ್ನು ತುಸು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಬೆಟ್ಟದ ಹಾದಿಗಳು ತಮ್ಮವು ಎಂಬ ಕಾಲ್ನಡೆಯವರ ಭಾವನೆಗೆ ಮೂರು ತಲೆಮಾರುಗಳ ಶ್ರಮದಾನವೇ ಆಧಾರವಾಗಿತ್ತು. ಮುಂದೆ ಬೈಸಿಕಲ್ಲಿನವರೊಡನೆ ಉಂಟಾದ ಕಲಹವನ್ನು ಕೇವಲ ಮುದುಕರ ಅಸಹನೆ ಎಂದು ತಳ್ಳಿಹಾಕುವವರು ಈ ಅಂಶವನ್ನು ಗಮನಿಸುವುದಿಲ್ಲ.

ಬೈಸಿಕಲ್ಲಿನವರು ಬಂದದ್ದು ೧೯೭೦ರ ದಶಕದಲ್ಲಿ. ಅವರು ಏರಿದ್ದು ಹೊಸ ಗಾಡಿಗಳನ್ನಲ್ಲ. ೧೯೩೦-೪೦ರ ಕಾಲದಲ್ಲಿ ಹುಡುಗರಿಗಾಗಿ ತಯಾರಾಗಿದ್ದ, ಉಬ್ಬು ಟೈರಿನ, ತೂಕವಾದ ಷ್ವಿನ್ ಮೊದಲಾದ ಹಳೆಯ ಬೈಸಿಕಲ್ಲುಗಳನ್ನು. ಫೇರ್‌ಫ್ಯಾಕ್ಸ್ ಊರಿನ ಬಳಿ, ಕಾಡ್ಗಿಚ್ಚು ನಂದಿಸುವ ವಾಹನಗಳಿಗಾಗಿ ಕಡಿದಿದ್ದ ಕಡಿದಾದ ಮಣ್ಣುರಸ್ತೆಯೊಂದರಲ್ಲಿ ೧೯೭೬ರ ಅಕ್ಟೋಬರ್ ೨೧ರಂದು ಅವರ ಮೊದಲ ಇಳಿಜಾರಿನ ಪಂದ್ಯ ನಡೆಯಿತು. ದೂರ ಸುಮಾರು ಎರಡು ಮೈಲಿ, ಇಳಿತ ಸುಮಾರು ೧,೩೦೦ ಅಡಿ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅಂದಿನ ಗಾಡಿಗಳಲ್ಲಿತ್ತು. ಒಂದೇ ಇಳಿತದಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವ ಕೆಲಸದಿಂದಲೇ ಆ ರಸ್ತೆಗೆ ‘ರೀಪ್ಯಾಕ್’ ಎಂಬ ಹೆಸರು ನಿಂತಿತು.

ಯಂತ್ರದ ಮುಂದಿನ ಕಥೆ ಸುಪರಿಚಿತ. ೧೯೭೭ರಲ್ಲಿ ಜೋ ಬ್ರೀಜ್ ಈ ಬಳಕೆಗೆಂದೇ ಹೊಸ ಚೌಕಟ್ಟನ್ನು ನಿರ್ಮಿಸಿದನು. ೧೯೭೯ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲಿ, ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನಿಟ್ಟುಕೊಂಡು ‘ಮೌಂಟನ್ ಬೈಕ್ಸ್’ ಎಂಬ ಹೆಸರಿನಲ್ಲಿ ವ್ಯಾಪಾರ ತೆರೆದರು. ೧೯೮೧ರಲ್ಲಿ ಸ್ಪೆಷಲೈಸ್ಡ್ ಕಂಪೆನಿಯ ‘ಸ್ಟಂಪ್‌ಜಂಪರ್’ ಮಾರುಕಟ್ಟೆಗೆ ಬಂದಿತು. ೧೯೯೬ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಸವಾರಿಗೆ ಸ್ಥಾನ ದೊರೆಯಿತು.

ಬೆರಳೆಣಿಕೆಯ ಮಂದಿ ಸವಾರಿ ಮಾಡುತ್ತಿದ್ದಾಗ ಇಲ್ಲದ ವಿವಾದ, ಯಂತ್ರ ಅಂಗಡಿಗೆ ಬಂದ ಮೇಲೆ ತಲೆಯೆತ್ತಿತು. ತಿರುವಿನಲ್ಲಿ ಹಠಾತ್ತನೆ ಎದುರಾಗುವ ಸವಾರನಿಂದ ನಡೆಯುವವರು ಬೆಚ್ಚಿದರು, ಕುದುರೆಗಳು ಬೆದರಿದವು. ೧೯೬೪ರ ವನ್ಯಪ್ರದೇಶ ಕಾಯಿದೆಯು ನಿರ್ಬಂಧಿತ ಅರಣ್ಯಗಳಲ್ಲಿ ‘ಯಾಂತ್ರಿಕ ಸಾಗಣೆ’ಯನ್ನು ನಿಷೇಧಿಸಿತ್ತು. ಬೈಸಿಕಲ್ಲು ಆ ಮಾತಿನಲ್ಲಿ ಅಡಕವೇ ಎಂಬ ಸಂದೇಹವನ್ನು ಅಮೆರಿಕದ ಅರಣ್ಯ ಇಲಾಖೆ ೧೯೮೪ರಲ್ಲಿ, ಅಡಕವೆಂದೇ ಬಗೆಹರಿಸಿತು. ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ೧೯೮೭ರ ನಿಯಮವು, ಗೊತ್ತುಪಡಿಸಿದ ಹಾದಿಗಳ ಹೊರತು ಉಳಿದೆಡೆ ಬೈಸಿಕಲ್ಲಿಗೆ ಪ್ರವೇಶವಿಲ್ಲವೆಂದಿತು. ಮರಿನ್ ಜಲಮಂಡಳಿಯ ಭೂಮಿಯಲ್ಲಿ ಅಗಲವಾದ ಮಣ್ಣುರಸ್ತೆಗಳು ಸವಾರರಿಗೆ ತೆರೆದಿದ್ದರೂ, ಒಬ್ಬರ ಹಿಂದೊಬ್ಬರು ಹೋಗಬೇಕಾದ ಕಿರುಹಾದಿಗಳು ದಶಕಗಳ ಕಾಲ ಮುಚ್ಚಿದ್ದವು. ಕ್ರೀಡೆ ಹುಟ್ಟಿದ ನೆಲದಲ್ಲೇ ಅದು ಅಪರಾಧವಾಯಿತು. ರಾತ್ರಿ ಕದ್ದು ಸವಾರಿ ಮಾಡಿದವರೂ ಉಂಟು, ಅಪ್ಪಣೆಯಿಲ್ಲದೆ ಕಾಡಿನೊಳಗೆ ಹಾದಿ ಕಡಿದವರೂ ಉಂಟು. ಇವರ ಸಾಹಸವನ್ನು ಕೊಂಡಾಡುವ ಬರಹಗಳನ್ನು ನಾವು ಒಪ್ಪಲಾರೆವು. ನೀರಿನ ಓಟವನ್ನು ಅರಿಯದೆ ಕಡಿದ ಹಾದಿ ಇಳಿಜಾರನ್ನೇ ಸೀಳುತ್ತದೆ. ಅದರಿಂದ ಸಭ್ಯ ಸವಾರರ ಹೆಸರೂ ಕೆಡುತ್ತದೆ.

ಇತಿಹಾಸದ ದೃಷ್ಟಿಯಿಂದ ಹೆಚ್ಚು ಫಲಕಾರಿಯಾದ ಪ್ರತಿಕ್ರಿಯೆ ಬೇರೆಯದು. ಕ್ಯಾಲಿಫೋರ್ನಿಯಾದ ಹಲವು ಸವಾರ ಸಂಘಗಳು ೧೯೮೮ರಲ್ಲಿ ಒಂದುಗೂಡಿ ಅಂತಾರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಘವನ್ನು ಸ್ಥಾಪಿಸಿದವು. ಮರಿನ್ ಜಿಲ್ಲೆಯ ಸಂಘವೂ ಅವುಗಳಲ್ಲಿ ಒಂದು. ನಡೆಯುವವರಿಗೆ ದಾರಿಬಿಡಬೇಕು, ಹಸಿಮಣ್ಣಿನ ಹಾದಿಯನ್ನು ತುಳಿಯಬಾರದು, ಮುಚ್ಚಿದ ಹಾದಿಗೆ ಹೋಗಬಾರದು ಎಂಬಂತಹ ನಡವಳಿಕೆಯ ನಿಯಮಗಳನ್ನು ಈ ಸಂಘ ಪ್ರಚುರಪಡಿಸಿತು. ಅದಕ್ಕಿಂತ ಮುಖ್ಯವಾಗಿ, ಸವಾರರು ರಜಾದಿನಗಳಲ್ಲಿ ಗುದ್ದಲಿ ಹಿಡಿದು ಅಧಿಕಾರಿಗಳ ಎದುರಿಗೆ ನಿಂತರು. ನಡೆಯುವವರು ೧೯೧೨ರಿಂದ ಯಾವ ರೀತಿಯಲ್ಲಿ ಬೆಟ್ಟವನ್ನು ತಮ್ಮದಾಗಿಸಿಕೊಂಡಿದ್ದರೋ, ಆ ರೀತಿಯನ್ನೇ ಸವಾರರೂ ಅನುಸರಿಸಿದರೆಂಬುದು ನಮ್ಮ ಅಭಿಪ್ರಾಯ.

ಈ ಕೆಲಸದ ಸ್ವರೂಪವನ್ನು ಕಿಂಚಿತ್ ವಿವರಿಸುವುದು ಉಚಿತ. ಹಾದಿಯ ಶತ್ರು ಚಕ್ರವೂ ಅಲ್ಲ, ಪಾದವೂ ಅಲ್ಲ, ನೀರು. ಇಳಿಜಾರಿಗೆ ನೇರವಾಗಿ ಇಳಿಯುವ ಹಾದಿಯಲ್ಲಿ ಮಳೆಯ ನೀರು ಕಾಲುವೆಯಂತೆ ಹರಿದು ಮಣ್ಣನ್ನು ಕೊಚ್ಚುತ್ತದೆ. ಆದುದರಿಂದ ಹಾದಿಯು ಬೆಟ್ಟದ ಮೈಯನ್ನು ಅಡ್ಡಲಾಗಿ ಬಳಸಿಕೊಂಡು ಹೋಗಬೇಕು. ಬೆಟ್ಟದ ಇಳಿಜಾರು ಎಷ್ಟಿದೆಯೋ ಹಾದಿಯ ಏರು ಅದರ ಅರ್ಧವನ್ನು ಮೀರಬಾರದು. ಒಟ್ಟಾರೆ ಸರಾಸರಿ ಏರು ನೂರಕ್ಕೆ ಹತ್ತರ ಒಳಗಿರಬೇಕು. ಹಾದಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು; ಆಗ ನೀರು ಹಾದಿಯುದ್ದಕ್ಕೂ ಹರಿಯದೆ ಅಡ್ಡಲಾಗಿ ಹೊರಬೀಳುತ್ತದೆ. ನಡುನಡುವೆ ಇಳಿಯುವ ಹಾದಿಯನ್ನು ಕೊಂಚ ಏರಿಸಿ ಮತ್ತೆ ಇಳಿಸಿದರೆ ಪ್ರತಿಯೊಂದು ತಗ್ಗೂ ನೀರಿಗೆ ಬಾಗಿಲಾಗುತ್ತದೆ. ಬಳಕೆಯಿಂದ ನಡುಭಾಗ ಕುಸಿದು ಹೊರ ಅಂಚಿನಲ್ಲಿ ಮಣ್ಣಿನ ದಿಬ್ಬ ಬೆಳೆಯುವುದು ಸಾಮಾನ್ಯ. ಆ ದಿಬ್ಬವನ್ನು ಕೆತ್ತಿ ತೆಗೆಯುವುದೇ ಸ್ವಯಂಸೇವಕರ ದುಡಿಮೆಯ ದೊಡ್ಡ ಪಾಲು. ಒಂದು ಬದಿ ಗುದ್ದಲಿಯ ಅಲಗು, ಇನ್ನೊಂದು ಬದಿ ದಪ್ಪ ಹಲ್ಲುಗಳುಳ್ಳ ‘ಮೆಕ್ಲೌಡ್’ ಎಂಬ ಸಲಕರಣೆಯೂ, ಕೊಡಲಿ ಹಾಗೂ ಗುದ್ದಲಿಗಳನ್ನು ಒಂದೇ ಹಿಡಿಗೆ ಕೂಡಿಸಿದ ‘ಪುಲಾಸ್ಕಿ’ಯೂ ಇದಕ್ಕೆ ಬಳಕೆಯಾಗುತ್ತವೆ. ಎರಡೂ ಮೂಲತಃ ಕಾಡ್ಗಿಚ್ಚಿನ ಎದುರು ಹೋರಾಡುವವರ ಆಯುಧಗಳು. ಚಿತ್ರಗಳಲ್ಲಿ ಕಾಣಿಸುವ ಸವಾರಿಯ ಉಲ್ಲಾಸಕ್ಕೂ ಬೆನ್ನು ಬಾಗಿಸಿ ಮಣ್ಣು ಕೆತ್ತುವ ಈ ದುಡಿಮೆಗೂ ಬಹಳ ಅಂತರವಿದೆಯೆಂಬುದು ನಿಜ.

ಚಕ್ರವು ಹಾದಿಯನ್ನು ಪಾದಕ್ಕಿಂತ ಹೆಚ್ಚು ಕೆಡಿಸುತ್ತದೆಯೆಂಬ ಆಕ್ಷೇಪವನ್ನು ವಿದ್ವಾಂಸರು ಪ್ರಯೋಗಕ್ಕೆ ಒಡ್ಡಿದ್ದಾರೆ. ವಿಲ್ಸನ್ ಮತ್ತು ಸೆನಿ ೧೯೯೪ರಲ್ಲಿ ಪ್ರಕಟಿಸಿದ ಮೊಂಟಾನಾದ ಅಧ್ಯಯನದಂತೆ, ಮೊದಲೇ ನೆನೆಸಿದ ಹಾದಿಗಳಲ್ಲಿ ಗೊರಸು ಮತ್ತು ಪಾದಗಳು ಚಕ್ರಗಳಿಗಿಂತ ಹೆಚ್ಚು ಮಣ್ಣನ್ನು ಸಡಿಲಿಸಿದವು. ಕೆನಡಾದ ಆಂಟೇರಿಯೋದಲ್ಲಿ ಥರ್ಸ್ಟನ್ ಮತ್ತು ರೀಡರ್ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಿಡಗಳಿಗೂ ಮಣ್ಣಿಗೂ ನಡಿಗೆಯಿಂದ ಆದ ಹಾನಿಗೂ ಸವಾರಿಯಿಂದ ಆದ ಹಾನಿಗೂ ಗಣನೀಯ ಭೇದ ತೋರಲಿಲ್ಲ. ಇದರಿಂದ ಕಲಹವೇ ನಿರಾಧಾರವಾಗಿತ್ತೆಂದು ತೀರ್ಮಾನಿಸುವುದು ಆತುರವಾದೀತು. ನೆಮ್ಮದಿಯನ್ನರಸಿ ಬಂದ ನಡಿಗೆಯವರ ಬೆಚ್ಚುವಿಕೆಯನ್ನು ಮಣ್ಣಿನ ತೂಕದಿಂದ ಅಳೆಯಲಾಗದು. ಮರಿನ್ ಜಲಮಂಡಳಿ ಸವಾರರ ವೇಗಕ್ಕೆ ಗಂಟೆಗೆ ೧೫ ಮೈಲಿಯ ಮಿತಿಯನ್ನೂ, ಕುರುಡು ತಿರುವುಗಳಲ್ಲಿ ೫ ಮೈಲಿಯ ಮಿತಿಯನ್ನೂ ವಿಧಿಸಿದ್ದು ಈ ಕಾರಣದಿಂದಲೇ.

ಶ್ರಮದಿಂದ ಹಕ್ಕು ಹುಟ್ಟಿತೇ? ೧೯೯೪ರಲ್ಲಿ ಸಿಯೆರಾ ಕ್ಲಬ್ ಎಂಬ ಹಳೆಯ ಸಂರಕ್ಷಣಾ ಸಂಸ್ಥೆಯು ಸವಾರರ ಸಂಘದೊಡನೆ ಒಡಂಬಡಿಕೆ ಮಾಡಿಕೊಂಡು, ಬೆಟ್ಟದ ಸವಾರಿಯೂ ನ್ಯಾಯಸಮ್ಮತ ವಿಹಾರವೆಂದು ಒಪ್ಪಿತು. ಆದರೆ ಮರಿನ್ ಜಿಲ್ಲೆಯಲ್ಲಿ ಉತ್ತರ ಅಷ್ಟು ಸರಳವಾಗಿರಲಿಲ್ಲ. ಬೆಟ್ಟದ ತಪ್ಪಲಿನ ಗೋಲ್ಡನ್ ಗೇಟ್ ರಾಷ್ಟ್ರೀಯ ವಿಹಾರಕ್ಷೇತ್ರದ ನಿರ್ಬಂಧಗಳನ್ನು ಪ್ರಶ್ನಿಸಿ ಮರಿನ್ ಸವಾರರ ಸಂಘ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ೧೯೯೬ರಲ್ಲಿ ಇಲಾಖೆಯ ಪರವಾಗಿ ತೀರ್ಪಿತ್ತಿತು. ಹಾದಿಯನ್ನು ದುರಸ್ತಿ ಮಾಡಿದವರು ಯಾರೆಂಬುದು ಅಲ್ಲಿ ನಿರ್ಣಾಯಕ ಪ್ರಶ್ನೆಯಾಗಿರಲಿಲ್ಲ. ನಿಯಮ ಮಾಡುವ ಅಧಿಕಾರ ಇಲಾಖೆಗಿದೆಯೇ, ಅದನ್ನು ವಿವೇಚನೆಯಿಂದ ಚಲಾಯಿಸಲಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಸರಕಾರಿ ಭೂಮಿಯಲ್ಲಿ ಸಿಗದ ಕಿರುಹಾದಿ ಸವಾರರಿಗೆ ಸಿಕ್ಕಿದ್ದು ಫೇರ್‌ಫ್ಯಾಕ್ಸ್ ಬಳಿಯ ಟಮರಾಂಚೊ ಎಂಬ ಬಾಲಚಮೂ ಶಿಬಿರದ ಖಾಸಗಿ ನೆಲದಲ್ಲಿ. ಅಲ್ಲಿನ ಹಾದಿಗಳಲ್ಲಿ ಸ್ವಯಂಸೇವಕರ ಬೆವರು ಸೇರಿದೆ. ಸವಾರಿಗೆ ಬರುವವರು ಹಣ ತೆತ್ತು ಪರವಾನಗಿ ಪಡೆಯಬೇಕು.