ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೇಲೆ ಕೈಕೊಟ್ಟರೆ: ರಿಪೇರಿಗೆ ಮೊದಲು ತಿಳಿದಿರಬೇಕಾದ್ದು

ಕಾಸರಗೋಡು, ಮಂಜೇಶ್ವರ, ಉಪ್ಪಳ ಕಡೆಯವರಿಗೆ ಹಳೆ ಕಾರಿನ ಮಾರುಕಟ್ಟೆ ಎರಡು. ಒಂದು ಊರಿನದ್ದೇ ಕೆಎಲ್ 14 ಗಾಡಿಗಳದ್ದು. ಇನ್ನೊಂದು ತಲಪಾಡಿ ದಾಟಿದರೆ ಸಿಗುವ ಕೆಎ 19, ಕೆಎ 21, ಕೆಎ 70 ಗಾಡಿಗಳದ್ದು. ಎರಡೂ ಕಡೆ ನಮ್ಮವರೇ ಬ್ರೋಕರ್‌ಗಳು, ನಮ್ಮವರೇ ಗಿರಾಕಿಗಳು. ಗಲ್ಫ್‌ನಿಂದ ರಜೆಗೆ ಬಂದವರು ಎರಡು ತಿಂಗಳ ಓಡಾಟಕ್ಕೆ, ಮನೆಯಲ್ಲಿ ಮದುವೆ ಇದ್ದವರು ಆ ಗಡಿಬಿಡಿಗೆ, ಸಂಜೆ ಹೊತ್ತಲ್ಲಿ ಒಂದು ರೌಂಡ್ ಓಡಿಸಿ ನೋಡಿ ಅಡ್ವಾನ್ಸ್ ಕೊಟ್ಟುಬಿಡ್ತಾರೆ. ಹತ್ತು ದಿನ ಆಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತದೆ, ಅಥವಾ ಹಿಂದಿನಿಂದ ನೀಲಿ ಹೊಗೆ ಬರ್ತದೆ. ಆಮೇಲೆ ರಜೆಯ ಅರ್ಧ ದಿನಗಳು ವರ್ಕ್‌ಶಾಪಿನ ಬೆಂಚಿನ ಮೇಲೆ.

ಕೊಳ್ಳುವ ಮೊದಲು ಏನು ನೋಡಬೇಕು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಕೊಂಡು ಆದ ಮೇಲೆ ಏನು ಮಾಡಬೇಕು ಎನ್ನುವುದೇ ಇಲ್ಲಿನ ವಿಷಯ. ಎರಡು ಮಾತು ಮೊದಲೇ ಹೇಳಿಬಿಡುತ್ತೇವೆ. ಕಾರಣ ಗೊತ್ತಾಗುವ ಮೊದಲು ಪಾರ್ಟ್ ಬದಲಿಸಬೇಡಿ. ದಾಖಲೆ ಆಗುವ ಮೊದಲು ರಿಪೇರಿ ಮಾಡಿಸಬೇಡಿ.

ಮೊದಲ ದಿನ

ಡ್ಯಾಶ್‌ಬೋರ್ಡಿನ ಲೈಟಿನ ಬಣ್ಣ ನೋಡಿ. ಆಯಿಲ್ ಕ್ಯಾನಿನ ಚಿತ್ರದ ಕೆಂಪು ಲೈಟ್ ಓಡುವಾಗ ಬಂದರೆ ಆ ಕ್ಷಣವೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. "ಇಲ್ಲೇ ಹತ್ತಿರ ಗ್ಯಾರೇಜ್ ಉಂಟು, ಅಲ್ಲಿಯವರೆಗೆ ಹೋಗುವ" ಅಂತ ಒಂದು ಕಿಲೋಮೀಟರ್ ಓಡಿಸಿದರೆ ಸಣ್ಣ ಖರ್ಚು ಎಂಜಿನ್ ಕೆಲಸವಾಗಿ ಬದಲಾಗ್ತದೆ. ಟೆಂಪರೇಚರ್ ಏರಿದರೂ ಹಾಗೆಯೇ. ನಿಲ್ಲಿಸಲು ಜಾಗ ಸಿಗುವವರೆಗೆ ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಇಟ್ಟರೆ ಸ್ವಲ್ಪ ಬಿಸಿ ಹೊರಗೆ ಹೋಗ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ, ಮುಖ ಸುಟ್ಟುಹೋಗ್ತದೆ. ಹಳದಿ ಎಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಅದೇ ಲೈಟ್ ಮಿಣಮಿಣ ಅಂತ ಹೊತ್ತಿ ಆರುತ್ತಿದ್ದರೆ ಎಂಜಿನ್ ಮಿಸ್ ಆಗ್ತಾ ಉಂಟು, ಹಾಗೇ ಓಡಿಸಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹೋಗ್ತದೆ.

ನಂತರದ ಕೆಲಸ ಮೊಬೈಲಿನಲ್ಲಿ. ಹೊಗೆ, ಶಬ್ದ, ಲೈಟ್ ಎಲ್ಲದರ ವಿಡಿಯೋ ತೆಗೆಯಿರಿ. ಅದರಲ್ಲಿ ಕಿಲೋಮೀಟರ್ ರೀಡಿಂಗ್ ಕಾಣಲಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಮೊದಲ ಸ್ಟಾರ್ಟ್‌ನ ವಿಡಿಯೋ ಬಹಳ ಮುಖ್ಯ. ಯಾಕೆಂದರೆ ಗಿರಾಕಿ ಬರುವ ಮೊದಲು ಎಂಜಿನ್ ಬಿಸಿ ಮಾಡಿ ಇಡುವುದು ಮಾರುವವರ ಹಳೆ ಅಭ್ಯಾಸ. ಅದೇ ದಿನ ಮಾರಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ. ಫೋನಿನಲ್ಲಿ ಜಗಳ ಮಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. "ಇಂಥ ದಿನ ತಗೊಂಡ ಗಾಡಿ, ಇಷ್ಟು ಕಿಲೋಮೀಟರ್ ಓಡಿದ ಮೇಲೆ ಹೀಗೆ ಆಗಿದೆ, ನೀವು ಬಂದು ನೋಡಬಹುದು" ಎಂದು ಮರ್ಯಾದೆಯಲ್ಲಿ ಬರೆದ ಒಂದು ಮೆಸೇಜ್ ಮುಂದೆ ಬಹಳ ಉಪಯೋಗಕ್ಕೆ ಬರ್ತದೆ.

ಇದು ಮೋಸವಾ, ಸವೆತವಾ?

ಎಲ್ಲ ತೊಂದರೆಗೂ ಮಾರಿದವರನ್ನು ದೂರುವುದು ಸರಿಯಲ್ಲ. ಎಂಟು ವರ್ಷ ಓಡಿದ ಗಾಡಿಯಲ್ಲಿ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟಯರ್, ಲೋವರ್ ಆರ್ಮ್ ಬುಶ್, ಲಿಂಕ್ ರಾಡ್ ಇವೆಲ್ಲ ಸವೆಯುವ ವಸ್ತುಗಳು. ನಮ್ಮ ಹೈವೇ ಕೆಲಸದ ಸರ್ವಿಸ್ ರೋಡಿನ ಗುಂಡಿಗಳಲ್ಲಿ ಹೊಸ ಗಾಡಿಯ ಸಸ್ಪೆನ್ಶನ್ನೇ ಕಟಕಟ ಅನ್ನುತ್ತದೆ, ಹಳೆಯದ್ದರ ಮಾತೇನು? ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮಾತ್ರ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಸ್ಲಿಪ್ ಆಗ್ತಾ ಉಂಟು ಎಂದರ್ಥ. ಅದು ನಿಮ್ಮ ಖರ್ಚು. ಟಯರಿನ ಬದಿಯಲ್ಲಿರುವ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಅದನ್ನು ಕೊಳ್ಳುವಾಗಲೇ ಓದಬಹುದಿತ್ತು.

ಮಾರಿದವರಿಗೆ ಗೊತ್ತಿದ್ದು ಮುಚ್ಚಿಟ್ಟ ತೊಂದರೆಯ ಕತೆಯೇ ಬೇರೆ. ಅದಕ್ಕೆ ಗುರುತುಗಳು ಇರ್ತವೆ. ನಮ್ಮ ಕಡೆ ಹೆಚ್ಚಾಗಿ ಕಾಣುವ ಕೆಲವು ಇಲ್ಲಿವೆ.

ಇಗ್ನಿಶನ್ ಆನ್ ಮಾಡಿದ ಕೂಡಲೇ, ಎಂಜಿನ್ ತಣ್ಣಗಿರುವಾಗಲೇ, ಎಸಿ ಕೂಡ ಆಫ್ ಇದ್ದು ರೇಡಿಯೇಟರ್ ಫ್ಯಾನ್ ತಿರುಗಿದರೆ ಅದಕ್ಕೆ ಡೈರೆಕ್ಟ್ ವಯರಿಂಗ್ ಮಾಡಿರುವ ಸಾಧ್ಯತೆ ಹೆಚ್ಚು. ಅದರ ಜೊತೆ ಥರ್ಮೋಸ್ಟಾಟ್ ವಾಲ್ವ್ ಕೂಡ ಕಿತ್ತು ಹಾಕಿರ್ತಾರೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಒಳಗೆ ತೆರೆಯುವ ಈ ವಾಲ್ವ್ ಎಂಜಿನ್ನನ್ನು ಸರಿಯಾದ ಬಿಸಿಯಲ್ಲಿ ಇಡುತ್ತದೆ. ಅದನ್ನು ತೆಗೆದರೆ ಮೈಲೇಜ್ ಇಳಿಯುತ್ತದೆ, ಆದರೆ ಬಿಸಿಯಾಗುವ ತೊಂದರೆ ಸ್ವಲ್ಪ ದಿನ ಅಡಗಿರುತ್ತದೆ. ಕೂಲಂಟ್ ಡಬ್ಬಿಯಲ್ಲಿ ಬಣ್ಣದ ಕೂಲಂಟ್ ಬದಲು ತುಕ್ಕಿನ ನೀರು ಇದ್ದರೆ ಯಾರೋ ಬಹಳ ದಿನದಿಂದ ನೀರು ಹೊಯ್ದು ಓಡಿಸಿದ್ದಾರೆ ಅಂತಲೇ ಲೆಕ್ಕ. ಆಯಿಲ್ ಹಾಲು ಚಹಾದ ಬಣ್ಣಕ್ಕೆ ತಿರುಗಿ, ಕೂಲಂಟ್ ಕಡಿಮೆಯಾಗುತ್ತಾ, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾತ್ರ ಇದ್ದರೆ ಆಯಿಲ್ ಮುಚ್ಚಳದ ಅಡಿಯಲ್ಲಿ ಒಂದಿಷ್ಟು ಕೆನೆಯಂಥದ್ದು ತೇವದಿಂದಲೂ ಕಟ್ಟುತ್ತದೆ. ಅಷ್ಟಕ್ಕೇ ಹೆಡ್ ಬಿಚ್ಚಲು ಒಪ್ಪಬೇಡಿ, ಡಿಪ್‌ಸ್ಟಿಕ್ ಎಳೆದು ನೋಡಿ.

ಇನ್ನೊಂದು ದಪ್ಪ ಆಯಿಲ್ ವಿದ್ಯೆ. ಪಿಸ್ಟನ್ ರಿಂಗ್ ಸವೆದ ಎಂಜಿನ್ನಿಗೆ ಕಂಪನಿ ಹೇಳಿದ 5ಡಬ್ಲ್ಯು-30 ಬದಲು 20ಡಬ್ಲ್ಯು-50 ಹಾಕಿದರೆ ಹೊಗೆಯೂ ಶಬ್ದವೂ ಕಡಿಮೆಯಾಗ್ತದೆ. ಕೊಂಡವರು ಪ್ರೀತಿಯಿಂದ ಸರಿಯಾದ ಆಯಿಲ್ ಹಾಕಿಸಿದ ಕೂಡಲೇ ಹೊಗೆ ಶುರು. ಪಾಪ, ಬೈಗುಳ ತಿನ್ನುವುದು ಆಯಿಲ್ ಬದಲಿಸಿದ ಮೆಕ್ಯಾನಿಕ್! ಹಾಗಾಗಿ ಆಯಿಲ್ ಬದಲಿಸುವಾಗ ಹಳೆ ಆಯಿಲ್ ಎಷ್ಟು ಗಟ್ಟಿ ಉಂಟು ಅಂತ ಅವರ ಹತ್ತಿರವೇ ಕೇಳಿ. ನಂತರ ಪ್ರತಿ 500 ಕಿಲೋಮೀಟರಿಗೆ ಡಿಪ್‌ಸ್ಟಿಕ್ ಫೋಟೋ ತೆಗೆದಿಡಿ. ಆಯಿಲ್ ಎಷ್ಟು ಕುಡಿಯುತ್ತದೆ ಎನ್ನುವುದಕ್ಕೆ ಇದೇ ಲೆಕ್ಕಪುಸ್ತಕ.

ಸ್ಕ್ಯಾನರ್ ಏನು ಹೇಳ್ತದೆ, ಏನು ಹೇಳುವುದಿಲ್ಲ

ಭಾರತದಲ್ಲಿ 2013ರ ಏಪ್ರಿಲ್ ನಂತರ ಬಂದ ಬಿಎಸ್-4 ಕಾರುಗಳಲ್ಲಿ ಒಬಿಡಿ-2 ವ್ಯವಸ್ಥೆ ಇದೆ. ಸ್ಟಿಯರಿಂಗ್ ಕೆಳಗಿನ ಸಾಕೆಟಿಗೆ ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ಆದರೆ ಕೋಡ್ ಎಂದರೆ ಹಾಳಾದ ಪಾರ್ಟಿನ ಹೆಸರಲ್ಲ. ಪಿ0171 ಬಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಆಗಿದೆ ಎಂದಷ್ಟೇ ಅರ್ಥ. ಕಾರಣ ಒಡೆದ ವ್ಯಾಕ್ಯೂಮ್ ಪೈಪ್ ಇರಬಹುದು, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಇರಬಹುದು, ಸೋತ ಫ್ಯೂಯೆಲ್ ಪಂಪ್ ಇರಬಹುದು. ಪರೀಕ್ಷೆ ಮಾಡದೆ "ಆಕ್ಸಿಜನ್ ಸೆನ್ಸರ್ ಹಾಕಿ ನೋಡುವ" ಎನ್ನುವವರ ಕೈಗೆ ಗಾಡಿ ಕೊಡಬೇಡಿ. ಹಾಕಿ ನೋಡುವುದಕ್ಕೆ ದುಡ್ಡು ಅವರದ್ದಲ್ಲವಲ್ಲ.

ಸ್ಕ್ಯಾನರಿನಲ್ಲಿ ಹೆಚ್ಚಿನವರು ನೋಡದ ಇನ್ನೊಂದು ಪುಟ ಉಂಟು, ರೆಡಿನೆಸ್ ಮಾನಿಟರ್. ಅಲ್ಲಿ ಹಲವು ಸಾಲುಗಳು "ನಾಟ್ ರೆಡಿ" ಎಂದಿದ್ದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಗಾಡಿ ತಗೊಂಡ ಮರುದಿನವೇ ಸ್ಕ್ಯಾನ್ ಮಾಡಿಸಿ ಈ ಪುಟದ ಫೋಟೋ ಇಟ್ಟುಕೊಂಡರೆ ಒಳ್ಳೆ ಸುಳಿವು. ಹಾಗೆಯೇ ಕೀ ತಿರುಗಿಸಿದಾಗ ಎಂಜಿನ್ ಲೈಟ್, ಏರ್‌ಬ್ಯಾಗ್ ಲೈಟ್ ಹೊತ್ತಿ ಆಮೇಲೆ ಆರಬೇಕು. ಹೊತ್ತುವುದೇ ಇಲ್ಲ ಅಂದರೆ ಬಲ್ಬ್ ಕಳಚಿರಬಹುದು ಅಥವಾ ವಯರ್ ತುಂಡು ಮಾಡಿರಬಹುದು.

ಎಂಜಿನ್ ಬಿಚ್ಚುವ ಮಾತು ಬಂದರೆ ಮೊದಲು ಕಂಪ್ರೆಶನ್ ಟೆಸ್ಟ್ ಕೇಳಿ, ಪ್ರತಿ ಸಿಲಿಂಡರಿನ ರೀಡಿಂಗ್ ಬರೆಸಿಕೊಳ್ಳಿ. ಮಾರಿದವರಿಗೆ ಸಂಬಂಧವಿಲ್ಲದ ಇನ್ನೊಂದು ಗ್ಯಾರೇಜಿನ ಅಭಿಪ್ರಾಯ ಲೆಟರ್‌ಹೆಡ್‌ನಲ್ಲಿ ತೆಗೆದುಕೊಳ್ಳಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೆ ಸರ್ವಿಸ್ ದಾಖಲೆ ಕೇಳಿ. ಮೂರು ವರ್ಷದ ಹಿಂದಿನ ರೀಡಿಂಗ್ ಈಗಿನದ್ದಕ್ಕಿಂತ ಹೆಚ್ಚಿದ್ದರೆ ಮೀಟರ್ ಹಿಂದೆ ತಿರುಗಿಸಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಎಚ್ಚರಿಕೆ: ಟೈಮಿಂಗ್ ಬೆಲ್ಟ್. ಹಳೆ ಸ್ವಿಫ್ಟ್, ರಿಟ್ಜ್ ಡೀಸೆಲ್‌ನ 1.3 ಎಂಜಿನ್ನಿಗೆ ಚೈನ್ ಇದೆ. ಹಳೆ ಇನ್ನೋವಾ 2.5 ಡೀಸೆಲ್‌ಗೆ ಬೆಲ್ಟ್. ಬೆಲ್ಟ್ ತುಂಡಾದರೆ ವಾಲ್ವ್‌ಗೂ ಪಿಸ್ಟನ್ನಿಗೂ ಡಿಕ್ಕಿಯಾಗಿ ಎಂಜಿನ್ ಕತೆ ಮುಗಿಯಿತು. ಬದಲಿಸಿದ ಬಿಲ್ ಇಲ್ಲವಾದರೆ ಮಾರಿದವರ ಬಾಯಿಮಾತು ನಂಬದೆ ಬದಲಿಸಿಬಿಡಿ.

ಉಪ್ಪು ಗಾಳಿ, ಮಳೆ ನೀರು

ಕಡಲ ಬದಿಯ ಗಾಡಿಗಳಲ್ಲಿ ಮೇಲೆ ಪೈಂಟ್ ಹೊಳೆಯುತ್ತಿದ್ದರೂ ಅಡಿಯಲ್ಲಿ ತುಕ್ಕು ಹಿಡಿದಿರುತ್ತದೆ. ರ‍್ಯಾಂಪಿಗೆ ಹತ್ತಿಸಿ ಬ್ರೇಕ್ ಪೈಪ್, ಸಬ್‌ಫ್ರೇಮ್, ಸೈಲೆನ್ಸರ್ ನೋಡಿಸಿ. ಕಪ್ಪು ಅಂಡರ್‌ಕೋಟಿಂಗ್ ತೀರಾ ಹೊಸದಾಗಿದ್ದರೆ ಅದರ ಅಡಿಯಲ್ಲಿ ಏನುಂಟು ಎಂದು ಸ್ಕ್ರೂಡ್ರೈವರ್‌ನಿಂದ ಮೆಲ್ಲ ತಟ್ಟಿ ಕೇಳಿ.

2018ರ ಕೇರಳ ಪ್ರವಾಹದಲ್ಲಿ ಮುಳುಗಿದ ಕಾರುಗಳು ಹರಾಜಿನ ಮೂಲಕ ಮತ್ತೆ ರಸ್ತೆಗೆ ಬಂದದ್ದುಂಟು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೆಸರಿನ ಗೆರೆ ಕಾಣುತ್ತದಾ? ಸೀಟಿನ ರೈಲಿನಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ವಾಸನೆ, ವಯರಿಂಗ್ ಕಪ್ಲರಿನಲ್ಲಿ ಹಸಿರು ಕಿಲುಬು ಇದ್ದರೆ ಆ ಗಾಡಿಯ ಎಲೆಕ್ಟ್ರಿಕಲ್ ತೊಂದರೆಗೆ ಕೊನೆ ಇಲ್ಲ. ಇಂದು ವಿಂಡೋ, ನಾಳೆ ಸೆಂಟ್ರಲ್ ಲಾಕ್, ನಾಡಿದ್ದು ಇಸಿಎಂ. ಅಂಥದ್ದನ್ನು ಒಂದೊಂದೇ ರಿಪೇರಿ ಮಾಡುತ್ತಾ ಹೋಗುವ ಬದಲು ಹಿಂದೆ ಕೊಡುವ ಪ್ರಯತ್ನ ಮಾಡುವುದೇ ಲಾಭ.

ಮಾರಿದವರ ಜೊತೆ ಲೆಕ್ಕ

ಮೊದಲು ಮಾತುಕತೆ. ಸಣ್ಣ ಊರು, ನಾಳೆ ಮತ್ತೆ ಮುಖ ನೋಡಬೇಕು. ಗ್ಯಾರೇಜಿನ ವರದಿ ಮತ್ತು ಎಸ್ಟಿಮೇಟ್ ಮುಂದಿಟ್ಟು ಅರ್ಧ ಖರ್ಚು ಕೊಡಿ ಎಂದರೆ ಒಪ್ಪುವವರು ಹಲವರಿದ್ದಾರೆ. ಒಪ್ಪಿದ್ದನ್ನು ಎರಡು ಸಾಲು ಬರೆಸಿಕೊಳ್ಳಿ.

ಒಪ್ಪದಿದ್ದರೆ ಯಾರಿಂದ ಕೊಂಡಿದ್ದೀರಿ ಎನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಹಳೆ ಕಾರಿನ ವ್ಯಾಪಾರವನ್ನೇ ಮಾಡುವ ಡೀಲರ್ ಅಥವಾ ಕಂಪನಿಯಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ತಮ್ಮ ಸ್ವಂತ ಗಾಡಿ ಮಾರಿದ ನೆರೆಯವರಾದರೆ ಗ್ರಾಹಕ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಸಿವಿಲ್ ಕೋರ್ಟೇ ಗತಿ. 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಲುವೇ ಕೊಳ್ಳುವವರು ನೋಡಿ ಕೊಳ್ಳಬೇಕು ಎಂಬುದು. ಆದರೆ ಗೊತ್ತಿದ್ದೂ ಸುಳ್ಳು ಹೇಳಿ ಮಾರಿದರೆ ಅದು 1872ರ ಕರಾರು ಕಾಯ್ದೆಯ ಪ್ರಕಾರ ವಂಚನೆ. ಸುಮ್ಮನಿದ್ದದ್ದನ್ನು ಸಾಬೀತು ಮಾಡುವುದು ಕಷ್ಟ, ಹೇಳಿದ ಸುಳ್ಳು ಸುಲಭ. "ಆ್ಯಕ್ಸಿಡೆಂಟ್ ಆಗಿಲ್ಲ, ಕಿಲೋಮೀಟರ್ ಜಿನೈನ್" ಎಂದು ಜಾಹೀರಾತಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬರೆದದ್ದು ಇದ್ದರೆ ಅಳಿಸಬೇಡಿ.

ವಾರಂಟಿ ಕೊಟ್ಟ ಡೀಲರ್ ಆದರೆ ಷರತ್ತು ಪೂರ್ತಿ ಓದಿ. ಅವರಿಗೆ ತಿಳಿಸದೆ ಹೊರಗೆ ಬಿಚ್ಚಿಸಿದರೆ ಹೆಚ್ಚಿನ ವಾರಂಟಿ ಅಲ್ಲಿಗೇ ಮುಗಿಯಿತು. ತುರ್ತಾಗಿ ರಿಪೇರಿ ಮಾಡಿಸಲೇಬೇಕಾದರೆ ತೆಗೆದ ಹಳೆ ಪಾರ್ಟನ್ನು ಗುಜರಿಗೆ ಬಿಡದೆ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ಕೇಸಿನಲ್ಲಿ ಪರಿಣತರ ಪರೀಕ್ಷೆಗೆ ಅದೇ ಬೇಕಾಗುತ್ತದೆ. ಡೀಲರಿಗೆ ಅಧಿಕೃತ ಪರವಾನಗಿ ಇದೆಯಾ ಎಂದೂ ಕೇಳಿ. 2022ರ ಡಿಸೆಂಬರಿನ ತಿದ್ದುಪಡಿಯಂತೆ 2023ರ ಏಪ್ರಿಲ್ 1ರಿಂದ ನೋಂದಾಯಿತ ವಾಹನ ಮಾರುವ ಡೀಲರ್‌ಗಳು ಆರ್‌ಟಿಒದಿಂದ ಪತ್ರ ಪಡೆಯಬೇಕು.

ಮೋಟಾರು ಇನ್ಸೂರೆನ್ಸ್ ಇದೆಯಲ್ಲ ಎಂದು ಕೆಲವರು ಕೇಳ್ತಾರೆ. ಯಾಂತ್ರಿಕ ಕೆಡುಕು, ಸವೆತ ಎರಡೂ ಸಾಮಾನ್ಯ ಪಾಲಿಸಿಯಲ್ಲಿ ಸೇರಿಲ್ಲ. ಥರ್ಡ್ ಪಾರ್ಟಿ ಭಾಗ ತಾನಾಗಿ ಹೊಸ ಮಾಲಕರಿಗೆ ವರ್ಗವಾಗುತ್ತದೆ. ಆದರೆ ನಿಮ್ಮ ಗಾಡಿಗೆ ಆದ ಹಾನಿಗೆ ದುಡ್ಡು ಸಿಗಬೇಕಾದರೆ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಗಾಡಿ ಹಿಂದೆ ಕೊಡುವ ಮಾತು ನಡೆಯುತ್ತಿದೆ ಎಂದು ಆರ್‌ಸಿ ಬದಲಾವಣೆ ಮುಂದೂಡಬೇಡಿ, ಕೊಂಡವರು 30 ದಿನದಲ್ಲಿ ವರದಿ ಮಾಡಬೇಕೆಂಬುದು ಕಾನೂನು. ಕರ್ನಾಟಕದ ಗಾಡಿಯನ್ನು ಕೇರಳಕ್ಕೆ ತರುವುದಾದರೆ ಎನ್‌ಒಸಿ, ಟ್ಯಾಕ್ಸ್ ಎಲ್ಲ ಬೇರೆ ಖರ್ಚು.

ಗಡಿಯವರಿಗೆ ಅನುಕೂಲವಾದ ಒಂದು ವಿಷಯ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಹಿಂದೆ ಮಂಗಳೂರಿನ ಡೀಲರ್ ಮೇಲೆ ದೂರು ಕೊಡಬೇಕಾದರೆ ಸಾಮಾನ್ಯವಾಗಿ ಮಂಗಳೂರಿಗೇ ಹೋಗಬೇಕಿತ್ತು. ಈಗ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಂಜೇಶ್ವರದವರಿಗೆ ಕಾಸರಗೋಡು ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಟ್ಯಾಕ್ಸಿಗೆ, ಮೀನಿನ ವ್ಯಾಪಾರಕ್ಕೆ ಎಂದು ಸ್ವಂತ ಹೊಟ್ಟೆಪಾಡಿಗಾಗಿ ಗಾಡಿ ತಗೊಂಡು ಸ್ವತಃ ದುಡಿಯುವವರೂ ಗ್ರಾಹಕರೇ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿದರೆ ಕೆಲವು ಸಲ ಅಲ್ಲೇ ಇತ್ಯರ್ಥ ಆಗ್ತದೆ. ರಜೆ ಮುಗಿದು ವಿಮಾನ ಹತ್ತುವವರು ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಅಧಿಕಾರ ಪತ್ರ ಬರೆದುಕೊಟ್ಟು, ಬಿಲ್, ವಿಡಿಯೋ, ಹಳೆ ಪಾರ್ಟ್ ಎಲ್ಲ ಅವರಿಗೆ ಒಪ್ಪಿಸಿ ಹೋಗಿ. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆಗೆ ಅರ್ಜಿ ಕೊಡುವ ಅವಕಾಶವೂ ಕಾಯ್ದೆಯಲ್ಲಿದೆ.